ಮಡಿಕೋಲ ಮೇಲಿನ ತಂತಿ

ರೇಡಿಯೊ ಎಂದರೆ ಬೇರೆಯವರಿಗೆ ಹಾಡು ನೆನಪಾಗಬಹುದು. ನನಗೆ ಸೊಂಟನೋವು ನೆನಪಾಗುತ್ತದೆ. ಮುಂಬೈಯಲ್ಲಿ ಆಗಷ್ಟೇ ರೇಡಿಯೊ ಶುರುವಾಗಿತ್ತು. ನಾನು ಬೆಳಗಾವಿಯಲ್ಲಿ ಬ್ರಿಟಿಷ್ ದಂಡಿದ್ದ ಕ್ಯಾಂಪಿನಲ್ಲಿ ಗ್ರಾಮೊಫೋನ್ ಮಾರುವ ಒಂದು ಅಂಗಡಿಯಲ್ಲಿ ನೌಕರಿಗಿದ್ದೆ. ಅಲ್ಲಿಗೆ ಬಂದ ರೇಡಿಯೊ ಪೆಟ್ಟಿಗೆ ಮಾರುವುದು ಮಾಲಕರ ಕೆಲಸ. ಅದನ್ನು ಹೊತ್ತುಕೊಂಡು ಹೋಗಿ, ಸಾಹೇಬರ ಬಂಗಲೆಯ ಮಾಡು ಹತ್ತಿ, ತಾಮ್ರದ ತಂತಿ ಎಳೆದು, ಕೆಳಗಿಳಿದು, ಸರಿಯಾಗಿಲ್ಲವೆಂದು ಮತ್ತೆ ಹತ್ತುವುದು ನನ್ನ ಕೆಲಸ.

ಆಗಿನ ರೇಡಿಯೊ ಈಗಿನಂತೆ ಗುಂಡಿ ತಿರುವಿದ ಕೂಡಲೇ ಮಾತಾಡುತ್ತಿರಲಿಲ್ಲ. ಮನೆಯ ಹೊರಗೆ ಎತ್ತರದಲ್ಲಿ ಉದ್ದನೆಯ ತಂತಿ ಕಟ್ಟಬೇಕು, ಅದರ ಒಂದು ತುದಿ ಕಿಟಕಿಯಿಂದ ಒಳಗೆ ಬಂದು ಪೆಟ್ಟಿಗೆಗೆ ಸೇರಬೇಕು. ಪೆಟ್ಟಿಗೆಯಿಂದ ಇನ್ನೊಂದು ತಂತಿ ಹೊರಟು ಹಸಿ ನೆಲದೊಳಗೆ ಇಳಿಯಬೇಕು. ಮೇಲಿನ ತಂತಿ ಗೋಡೆಗೋ ತಗಡಿಗೋ ತಾಗಿತೆಂದರೆ ಮುಂಬೈ ಮಾಯ. ಹಿಂಡಲಗಾ ರಸ್ತೆಯ ಬಂಗಲೆಗಳಲ್ಲಿ ಇದನ್ನೇ ಹೇಳಿ ಹೇಳಿ ನನ್ನ ಬಾಯಿ ಒಣಗಿತ್ತು. ನಿದ್ದೆಯಲ್ಲೂ ಅದನ್ನೇ ಬಡಬಡಿಸುತ್ತೇನೆಂದು ಹೆಂಡತಿ ನಗುತ್ತಿದ್ದಳು.

ಮನೆ ಇದ್ದದ್ದು ಖಾನಾಪುರದಲ್ಲಿ. ವಾರವೆಲ್ಲ ಬೆಳಗಾವಿಯಲ್ಲಿದ್ದು ಶನಿವಾರ ಸಂಜೆಯ ರೈಲುಗಾಡಿಗೆ ಊರಿಗೆ ಬರುತ್ತಿದ್ದೆ. ತಂದೆ ತಾಯಿ ತೀರಿಕೊಂಡಿದ್ದರು. ಮನೆಯಲ್ಲಿ ಹೆಂಡತಿ ಮತ್ತು ಅತ್ಯಾ, ಅಂದರೆ ನನ್ನ ತಂದೆಯ ಅಕ್ಕ, ಇಬ್ಬರೇ.

ಅತ್ಯಾನ ಗಂಡ ಸತ್ತಾಗ ಆಕೆಗೆ ಗಂಡ ಎಂದರೇನೆಂದೇ ಗೊತ್ತಿರಲಿಲ್ಲ. ತಲೆ ಬೋಳಿಸಿ, ಕೆಂಪು ಸೀರೆ ಉಡಿಸಿ, ತವರಿಗೆ ಕಳಿಸಿದರು. ಕೆಲವು ವರ್ಷಗಳಲ್ಲಿ ನನ್ನಜ್ಜಿ ಕೊನೆಯ ಮಗನನ್ನು ಹೆತ್ತು ಬಾಣಂತಿತನದಲ್ಲೇ ಹೋದಳು. ಆ ಕೂಸನ್ನು ಅತ್ಯಾ ಸಾಕಿದಳು. ಅವನೇ ನನ್ನ ಕಾಕಾ. ಅವನಿಗೆ ಹಾಡಿನ ಹುಚ್ಚು ಹಿಡಿಯಿತು. ನಾಟಕ ಕಂಪನಿ ಸೇರುತ್ತೇನೆಂದಾಗ ಅಜ್ಜ, ಹಾಗಾದರೆ ಇನ್ನು ಈ ಹೊಸ್ತಿಲು ತುಳಿಯಬೇಡ ಎಂದರು. ಅವನು ಮೀಸೆ ಮೂಡುವ ಮುಂಚೆ ಮನೆ ಬಿಟ್ಟ. ಅಜ್ಜ ಸತ್ತಾಗಲೂ ಬರಲಿಲ್ಲ, ಪತ್ರ ಬರೆದರೆ ಉತ್ತರ ಬರೆಯಲಿಲ್ಲ. ಹಟಕ್ಕೇನು, ನಮ್ಮ ಮನೆತನದಲ್ಲಿ ಅದೊಂದಕ್ಕೆ ಎಂದೂ ಬರಗಾಲ ಬಂದಿಲ್ಲ. ಮುಂಬೈಯಲ್ಲಿದ್ದಾನೆ, ಅಲ್ಲಿ ಹೆಸರು ಮಾಡಿದ್ದಾನೆ ಎಂಬ ಸುದ್ದಿ ಮಾತ್ರ ಅವರಿವರ ಬಾಯಿಂದ ಬರುತ್ತಿತ್ತು.

ಆಕೆಯೇ ಹೋಗಿ ನೋಡಿಕೊಂಡು ಬರಬಹುದಿತ್ತಲ್ಲ ಎಂದು ಈಗಿನವರು ಕೇಳುತ್ತಾರೆ. ಅತ್ಯಾನ ಮಡಿ ಅವರಿಗೆ ಗೊತ್ತಿಲ್ಲ. ನಳದ ನೀರು ಕುಡಿಯುವಂತಿಲ್ಲ, ಗಾಡಿಯಲ್ಲಿ ಮಂದಿಯ ಮೈ ತಾಗುವಂತಿಲ್ಲ. ಮುಂಜಾನೆ ಸ್ನಾನ ಮಾಡಿ ಮಡಿಸೀರೆ ಉಟ್ಟಳೆಂದರೆ ಮುಗಿಯಿತು, ಆಕೆಯನ್ನೂ ಯಾರೂ ಮುಟ್ಟಬಾರದು, ಆಕೆಯ ಸೀರೆಯನ್ನೂ ಮುಟ್ಟಬಾರದು. ಒದ್ದೆ ಸೀರೆಯನ್ನು ಎತ್ತರದ ಗಳದ ಮೇಲೆ ಹಾಕಲು, ಒಣಗಿದ ಮೇಲೆ ಇಳಿಸಲು ಒಂದು ಉದ್ದನೆಯ ಮಡಿಕೋಲಿತ್ತು. ಅದನ್ನೂ ಆಕೆಯ ಹೊರತು ಬೇರೆ ಯಾರೂ ಹಿಡಿಯುತ್ತಿರಲಿಲ್ಲ. ನಾನು ಸಣ್ಣವನಿದ್ದಾಗ ಬೆಲ್ಲ ಕೊಟ್ಟರೂ ಮೇಲಿನಿಂದಲೇ ಅಂಗೈಗೆ ಹಾಕುತ್ತಿದ್ದಳು. ಕಾಕಾ ಹೋದ ಮೇಲೆ ಆಕೆಯ ಮಡಿ ಇನ್ನೂ ಬಿಗಿಯಾಯಿತೆಂದು ನನ್ನ ತಾಯಿ ಹೇಳುತ್ತಿದ್ದಳು.

ಒಂದು ದಿನ ಅಂಗಡಿಗೆ ಬಂದ ರೇಡಿಯೊ ಕಾರ್ಯಕ್ರಮದ ಹಾಳೆಯಲ್ಲಿ ಕಾಕಾನ ಹೆಸರು ಕಂಡಿತು. ಒಂದು ವಾರ ಬಿಟ್ಟು ಬರುವ ರವಿವಾರ, ದೀಪ ಹಚ್ಚುವ ಹೊತ್ತಿಗೆ, ಅರ್ಧ ತಾಸು. ಆ ವಾರದ ಶನಿವಾರ ಊರಿಗೆ ಹೋದಾಗ ಅತ್ಯಾಗೆ ಹೇಳಿದೆ. ಆಕೆ ಹೂಬತ್ತಿ ಹೊಸೆಯುತ್ತಿದ್ದಳು. ಕೈ ನಿಂತಿತು.

"ಅಂವಂದ ದನಿ ಬರ್ತದೇನು? ಇಲ್ಲಾ ಬ್ಯಾರೆ ಯಾರರೆ ಅಂವನಂಗ ಹಾಡ್ತಾರೋ?"

"ಅಂವಂದ ದನಿ, ಅತ್ಯಾ. ಅಂವಾ ಅಲ್ಲೆ ಹಾಡಿದ್ದು ಆ ಕ್ಷಣಕ್ಕ ಇಲ್ಲೆ ಕೇಳಸ್ತದ."

ಆಕೆ ಹೊಸೆದ ಬತ್ತಿಯನ್ನು ತಟ್ಟೆಯಲ್ಲಿಟ್ಟಳು. "ಒಮ್ಮೆ ಕೇಳಸಪಾ ನನಗ. ಸಾಯೋದ್ರಾಗ ಅಂವನ ದನಿ ಒಮ್ಮೆ ಕಿವಿಗೆ ಬಿದ್ರ ಸಾಕು. ಮತ್ತೇನೂ ಬೇಡಂಗಿಲ್ಲ ನಾ."

ಆಕೆ ನನ್ನನ್ನು ಏನನ್ನಾದರೂ ಕೇಳಿದ್ದು ಅದೇ ಮೊದಲು. ಇಲ್ಲವೆನ್ನಲು ಬಾಯಿ ಬರಲಿಲ್ಲ.

ಮಾಲಕರಿಂದ ಒಂದು ಪೆಟ್ಟಿಗೆ ಕೇಳಿ ತರುವಷ್ಟರಲ್ಲಿ ಆ ವಾರ ನನ್ನ ಜೀವ ಅರ್ಧವಾಯಿತು. ದಿನಾ ಕೇಳುವುದು, ದಿನಾ ಬೈಸಿಕೊಳ್ಳುವುದು. ಕೊನೆಗೆ, "ಒಯ್ಯಿ. ನಿಮ್ಮೂರಾಗ ಕಟಗಿ ವ್ಯಾಪಾರಿಗಳು ಭಾಳ ಮಂದಿ ಇದ್ದಾರ, ಯಾರರೆ ತಗೋತಾರೇನು ನೋಡು. ಬ್ಯಾಟರಿ ಜ್ವಾಕಿ," ಎಂದರು. ಪೆಟ್ಟಿಗೆ ಒಂದು ಕೈಯಲ್ಲಿ, ಆ್ಯಸಿಡ್ ತುಂಬಿದ ಬ್ಯಾಟರಿ ಇನ್ನೊಂದರಲ್ಲಿ, ದನಿ ಹೊರಡುವ ಕಹಳೆ ಬಗಲಲ್ಲಿ, ತಂತಿಯ ಸುರುಳಿ ಕೊರಳಲ್ಲಿ. ಗಾಡಿಯಲ್ಲಿ ಎದುರು ಕುಳಿತವರೊಬ್ಬರು ದೇಸೂರು ದಾಟುವವರೆಗೆ ನನ್ನನ್ನೇ ನೋಡಿ, "ಪೇಟಿ ಬಾರಸ್ತೀರೇನ್ರಿ?" ಎಂದು ಕೇಳಿದರು. ಹಾರ್ಮೋನಿಯಂ ಎಂದುಕೊಂಡಿದ್ದರು, ಹೌದೆಂದೆ. ರೇಡಿಯೊ ಎಂದರೇನೆಂದು ತಿಳಿಸಿ ಹೇಳುವ ಶಕ್ತಿ ನನ್ನಲ್ಲಿರಲಿಲ್ಲ. ಮನೆ ಮುಟ್ಟಿದಾಗ ನನ್ನ ಧೋತರಕ್ಕೆ ಆ್ಯಸಿಡ್ ಹನಿದು ಜರಡಿಯಂತೆ ತೂತು ಬಿದ್ದಿತ್ತು.

ರವಿವಾರ ಮುಂಜಾನೆ ತಂತಿ ಕಟ್ಟಲು ನಿಂತೆ. ನಮ್ಮ ಹಿತ್ತಲಲ್ಲಿ ಎತ್ತರದ ಮರವಿಲ್ಲ. ಬಾಜು ಮನೆಯವರ ಹಲಸಿನ ಮರ ಬೇಕಿತ್ತು. ಅವರು ಕಣಕುಂಬಿಯ ಕಡೆಯಿಂದ ಕಟ್ಟಿಗೆ ತರುವ ಗಾಡಿಗಳ ಯಜಮಾನರು. ಮರದ ಕೆಳಗೆ ನಿಂತು ತಂತಿಯ ಸುರುಳಿ ನೋಡಿದರು.

"ಸಿಡ್ಲು ಬಡದ್ರ ನಮ್ಮ ಗಿಡಕ್ಕ ಬಡೀತೈತಲ್ರಿ, ನಿಮ್ಮ ಪೆಟಗಿಗೆ ಅಲ್ಲ."

"ಈ ಥಂಡ್ಯಾಗ ಸಿಡ್ಲು ಎಲ್ಲೀದ್ರಿ?"

"ಅದೂ ಖರೇನ. ಹತ್ರಿ ಹಂಗಾರ. ಬಿದ್ದು ಗಿಡ್ದು ಕೈಕಾಲು ಮುರಕೊಂಡ್ರ ನಮ್ಮನ್ನ ಕೇಳಬ್ಯಾಡ್ರಿ."

ಮರದಲ್ಲಿ ಕೆಂಪಿರುವೆ. ಅವುಗಳಿಗೆ ನನ್ನ ಮೈಯನ್ನು ಒಪ್ಪಿಸಿ, ತಂತಿ ಮರಕ್ಕೆ ತಾಗದಿರಲೆಂದು ಒಂದು ಕೊಂಬೆಗೆ ಚೀನಿಮಣ್ಣಿನ ಗುಂಡು ಕಟ್ಟಿ, ತಂತಿಯ ಒಂದು ತುದಿಯನ್ನು ಅದಕ್ಕೆ ಬಿಗಿದೆ. ಇನ್ನೊಂದು ತುದಿ ನಮ್ಮ ಮಾಡಿನ ಮೇಲೆ ನಿಲ್ಲಿಸಿದ ಬಿದಿರಿಗೆ. ತಂತಿ ಬಚ್ಚಲುಮನೆಯ ತಗಡಿನ ಮೇಲಿಂದ ಹಾದು ಹೋಗುತ್ತಿತ್ತು, ಆದರೆ ಸಾಕಷ್ಟು ಎತ್ತರದಲ್ಲಿ. ನೆಲಕ್ಕಿಳಿಯುವ ತಂತಿಯನ್ನು ಬಚ್ಚಲ ನೀರು ಹರಿಯುವಲ್ಲಿ, ಕೆಸುವಿನ ಗಿಡಗಳ ಬುಡದಲ್ಲಿ ಹೂತೆ. ಕೆಳಗಿಳಿದು ಮೈಮೇಲಿನ ಇರುವೆ ಕೊಡವಿಕೊಂಡೆ. ಹೆಂಗಸರಿಬ್ಬರನ್ನೂ ಕರೆದು, "ಆ ಮ್ಯಾಲಿನ ತಂತೀಗೆ ಯಾರೂ ಕೈ ಹಚ್ಚಬ್ಯಾಡ್ರಿ," ಎಂದೆ.

"ಅಷ್ಟ ಎತ್ತರಕ್ಕ ಕೈ ಹಚ್ಚಲಿಕ್ಕೆ ನಾ ಏನು ಮಂಗ್ಯಾ ಏನ್ರಿ?" ಎಂದಳು ಹೆಂಡತಿ. ಅತ್ಯಾ ತಲೆ ಎತ್ತಿ, ಬಿಸಿಲಿಗೆ ಹೊಳೆಯುತ್ತಿದ್ದ ಹೊಸ ತಂತಿಯನ್ನು ಬಹಳ ಹೊತ್ತು ನೋಡಿದಳು.

ಹಗಲಲ್ಲಿ ಮುಂಬೈ ಸಿಗುವುದಿಲ್ಲ. ಪೆಟ್ಟಿಗೆಯ ಗುಂಡಿ ತಿರುವಿ ನೋಡಿದೆ, ಗರಗರ ಎಂದಿತು. ಅಷ್ಟಾದರೆ ಸಾಕು, ತಂತಿ ಸರಿಯಾಗಿದೆಯೆಂದು ಲೆಕ್ಕ. ಊಟ ಮಾಡಿ ಗೋಡೆಗೊರಗಿದವನಿಗೆ ಯಾವಾಗ ನಿದ್ದೆ ಹತ್ತಿತೋ ತಿಳಿಯಲಿಲ್ಲ. ಹೆಂಡತಿ ಎಬ್ಬಿಸಿದಾಗ ದೇವರ ಮುಂದೆ ದೀಪ ಹಚ್ಚಿಯಾಗಿತ್ತು.

ಅತ್ಯಾ ಆಗಲೇ ಪೆಟ್ಟಿಗೆಯಿಂದ ದೂರ ಮಣೆ ಹಾಕಿಕೊಂಡು ಕುಳಿತಿದ್ದಳು. ಸಂಜೆ ಮತ್ತೊಮ್ಮೆ ಸ್ನಾನ ಮಾಡಿದ್ದಳು. ಒಣಗಿದ ಮಡಿಸೀರೆ, ಹಣೆಯ ಮೇಲೆ ಅಂಗಾರದ ಕಪ್ಪು ಗೆರೆ, ಮಡಿಲಲ್ಲಿ ಕೈ. ಪೂಜೆಗೆ ಕುಳಿತಂತೆ ಕುಳಿತಿದ್ದಳು. ನಾನು ಗುಂಡಿ ತಿರುವಿದೆ. ಒಳಗಿನ ಬಲ್ಬುಗಳು ಕೆಂಪಗೆ ಹೊತ್ತಿಕೊಂಡವು. ಕಹಳೆಯಿಂದ ದನಿಯಿಲ್ಲ. ಹಾಡು ಹೋಗಲಿ, ಮಧ್ಯಾಹ್ನದ ಗರಗರವೂ ಇಲ್ಲ.

ಬ್ಯಾಟರಿ ನೋಡಿದೆ, ಸರಿ ಇತ್ತು. ಕಿಟಕಿಯಿಂದ ಬಂದ ತಂತಿ ಜಗ್ಗಿ ನೋಡಿದೆ, ಅದೂ ಬಿಗಿಯಾಗಿತ್ತು. ಗಡಿಯಾರ ನಮಗಾಗಿ ನಿಲ್ಲುತ್ತದೆಯೇ? ಕಂದೀಲು ಹಿಡಿದು ಹಿತ್ತಲಿಗೆ ಓಡಿದೆ.

ನನ್ನ ತಂತಿಯ ಮೇಲೆ ಅತ್ಯಾನ ಕೆಂಪು ಸೀರೆ ಒಣಗುತ್ತಿತ್ತು. ಒಣಗುವುದೆಲ್ಲಿ ಬಂತು, ಇನ್ನೂ ತೊಟತೊಟ ಸೋರುತ್ತಿತ್ತು. ನೀರುಂಡ ಅಷ್ಟುದ್ದ ಸೀರೆಯ ಭಾರಕ್ಕೆ ಮರದ ಕಡೆಯ ಕಟ್ಟು ಜಾರಿ, ತಂತಿ ಜೋತುಬಿದ್ದು ಬಚ್ಚಲಿನ ಒದ್ದೆ ತಗಡಿನ ಮೇಲೆ ಉದ್ದಕ್ಕೆ ಮಲಗಿತ್ತು.

ಒಳಗೆ ಬಂದು ಕೇಳಿದೆ, "ಅತ್ಯಾ, ಸೀರಿ ಆ ತಂತಿ ಮ್ಯಾಲೆ ಯಾಕ ಹಾಕಿದಿ?"

"ಮತ್ತೆಲ್ಲಿ ಹಾಕಲಿ? ಹಳೀ ಗಳದ ಮ್ಯಾಲೆ ಬೆಕ್ಕು ಅಡ್ಡಾಡತದ. ಇದು ಹೊಸಾದು, ಎತ್ತರದಾಗ ಅದ, ಯಾರೂ ಮುಟ್ಟಂಗಿಲ್ಲ. ಇಷ್ಟು ಮಡಿ ಜಾಗಾ ಈ ಮನ್ಯಾಗ ಎಲ್ಲದ?" ನನ್ನ ಮುಖ ನೋಡಿ ಆಕೆಯ ದನಿ ಇಳಿಯಿತು. "ಅಂವನ ಹಾಡು ಕೇಳೂ ದಿವಸ ಮಡಿ ಛಲೋತ್ನಂಗ ಇರಲಿ ಅಂತ. ಯಾಕ, ಏನಾತು?"

ಸಿಟ್ಟು ನೆತ್ತಿಗೇರಿತ್ತು. ವಾರವಿಡೀ ಬೈಸಿಕೊಂಡದ್ದು, ಆ್ಯಸಿಡ್, ಕೆಂಪಿರುವೆ, ಎಲ್ಲ ಬಾಯಿಗೆ ಬಂತು. ಆದರೆ ಯಾರಿಗೆ ಬೈಯುವುದು? ಸೀರೆಯ ಭಾರಕ್ಕೆ ತಂತಿ ಕೆಳಗೆ ಬಿದ್ದಿದೆ, ಅದು ತಗಡಿನಿಂದ ಮೇಲೇಳದೆ ಹಾಡು ಕೇಳುವುದಿಲ್ಲ ಎಂದಷ್ಟೇ ಹೇಳಿದೆ. ಆಕೆ ಎದ್ದು ಮಡಿಕೋಲು ತೆಗೆದುಕೊಂಡು ಹಿತ್ತಲಿಗೆ ಬಂದಳು.

ಆ ಸೀರೆಯನ್ನು ಕೋಲಿನಿಂದ ಇಳಿಸಲು ಆಕೆಗೆ ಹಿಡಿದ ಹೊತ್ತು ನನ್ನ ಆಯುಷ್ಯದಲ್ಲೇ ಉದ್ದನೆಯದು. ಒಂದು ಕಡೆ ಎತ್ತಿದರೆ ಇನ್ನೊಂದು ಕಡೆ ತಂತಿಗೆ ಸುತ್ತಿಕೊಳ್ಳುತ್ತಿತ್ತು. ಕೈಯಿಂದ ಎಳೆದರೆ ಒಂದು ಕ್ಷಣದ ಕೆಲಸ, ಆದರೆ ನಾನು ಮುಟ್ಟುವಂತಿಲ್ಲ. ಮುಂಬೈಯಲ್ಲಿ ಕಾಕಾ ಹಾಡಲು ಶುರುಮಾಡಿರುತ್ತಾನೆ ಎಂದು ಎಣಿಸುತ್ತ ಕಂದೀಲು ಹಿಡಿದು ನಿಂತಿದ್ದೆ. ಸೀರೆ ಬಂತು. ತಂತಿ ಮಾತ್ರ ತಗಡಿನ ಮೇಲೆಯೇ ಇತ್ತು. ಕತ್ತಲಲ್ಲಿ ಮತ್ತೆ ಹಲಸಿನ ಮರ ಹತ್ತಿ ಕಟ್ಟುವಷ್ಟರಲ್ಲಿ ಅರ್ಧ ತಾಸೇ ಮುಗಿಯುತ್ತಿತ್ತು. ಅದನ್ನು ಎತ್ತಿ ಹಿಡಿಯುವಷ್ಟು ಉದ್ದದ ಕೋಲು ನಮ್ಮ ಮನೆಯಲ್ಲಿ ಒಂದೇ ಒಂದು.

ನಾನು ಕೇಳಲಿಲ್ಲ, ಕೇಳುವ ಧೈರ್ಯವಿರಲಿಲ್ಲ. ಅತ್ಯಾ ತಗಡನ್ನು ನೋಡಿದಳು, ಕೈಯಲ್ಲಿದ್ದ ಕೋಲು ನೋಡಿದಳು. ನನ್ನ ಹೆಂಡತಿಯನ್ನು ಕರೆದಳು.

"ಬಾರವಾ. ಇದನ್ನ ಹಿಡಕೊಂಡು ಆ ತಂತಿ ಎತ್ತು."

"ನಾ ಮುಟ್ಟಲೇನ್ರಿ ಅತ್ಯಾ?"

"ಮುಟ್ಟದ ಹ್ಯಾಂಗ ಹಿಡೀತಿ? ಹಿಡಿ."

ಹೆಂಡತಿ ಕೋಲಿನ ತುದಿಯಿಂದ ತಂತಿ ಎತ್ತಿ ಹಿತ್ತಲಲ್ಲಿ ನಿಂತಳು. ನಾವಿಬ್ಬರೂ ಒಳಗೆ ಬಂದೆವು. ಗುಂಡಿ ತಿರುವಿದೆ. ಕಹಳೆಯೊಳಗೆ ಸೊಳ್ಳೆ ಹಾಡಿದಂತೆ ಏನೋ ಸಣ್ಣಗೆ ಕೇಳಿತು. ಜೋತುಬಿದ್ದ ತಂತಿಯಲ್ಲಿ ಅಷ್ಟಕ್ಕಿಂತ ಹೆಚ್ಚು ಬರುವಂತಿರಲಿಲ್ಲ. ಕಿವಿಗೆ ಹಾಕಿಕೊಂಡು ಕೇಳುವ ಗುಬಟಿಗಳ ಜೋಡಿಯೊಂದು ಪೆಟ್ಟಿಗೆಯ ಜೊತೆಗಿತ್ತು. ಅದನ್ನು ಸಿಕ್ಕಿಸಿ ನನ್ನ ಕಿವಿಗೆ ಹಿಡಿದೆ. ಗರಗರದ ಹಿಂದೆ, ಬಹಳ ದೂರದಲ್ಲಿ, ಒಬ್ಬ ಗಂಡಸು ಹಾಡುತ್ತಿದ್ದ.

"ಹಾಡಲಿಕತ್ತಾನ, ಅತ್ಯಾ."

"ನನಗ ಏನೂ ಕೇಳಸವಲ್ದಲ್ಲೋ."

"ಇದನ್ನ ಕಿವಿಗೆ ಹಾಕ್ಕೊಂಡ್ರ ಕೇಳಸ್ತದ. ಆದ್ರ..." ಸುಳ್ಳು ಹೇಳಿ ಆಕೆಗೆ ತೊಡಿಸಲು ಮನಸ್ಸಾಗಲಿಲ್ಲ. "ತಲೀ ಮ್ಯಾಲಿನ ಪಟ್ಟಿ ತೊಗಲಿಂದು, ಅತ್ಯಾ. ಕ್ಯಾಂಪಿನ ಸಾಹೇಬರೆಲ್ಲಾ ಹಾಕ್ಕೊಂಡು ಬಿಟ್ಟಿದ್ದು."

ಆಕೆ ನನ್ನ ಕೈಯಲ್ಲಿದ್ದುದನ್ನು ನೋಡಿದಳು. ಚರ್ಮದ ಚಪ್ಪಲಿ ಪಡಸಾಲೆಗೆ ಬಂದರೆ ನೆಲ ಸಾರಿಸುತ್ತಿದ್ದವಳು. ಮಣೆಯಿಂದ ಎದ್ದು ನನ್ನ ಎದುರಿಗೆ ಬಂದು ಕುಳಿತಳು. ಸೆರಗು ಹಿಂದಕ್ಕೆ ಸರಿಸಿ ತಲೆ ಬಗ್ಗಿಸಿದಳು.

"ಹಾಕು. ಲಗೂನ ಹಾಕು."

ಹಾಕುವಾಗ ನನ್ನ ಬೆರಳು ಆಕೆಯ ತಲೆಗೆ ತಾಗಿದವು. ಅಷ್ಟು ವರ್ಷ ಒಂದೇ ಮನೆಯಲ್ಲಿದ್ದು, ಆಕೆ ಬಡಿಸಿದ್ದು ಉಂಡು ದೊಡ್ಡವನಾಗಿ, ಆಕೆಯ ತಲೆಯನ್ನು ನಾನು ಮುಟ್ಟಿದ್ದು ಅದೇ ಮೊದಲು. ಬೆಳ್ಳಗಿನ ಗಿಡ್ಡ ಕೂದಲು ಬೆರಳಿಗೆ ಚುಚ್ಚಿತು. ನನಗೆ ಅಳು ಬಂತು.

ಆಮೇಲೆ ನನಗೇನೂ ಕೇಳಿಸಲಿಲ್ಲ. ಕೇಳುವವಳು ಆಕೆಯೊಬ್ಬಳೇ. ನಾನು ಆಕೆಯ ಮುಖ ನೋಡುತ್ತಿದ್ದೆ. ಮೊದಲು ಹುಬ್ಬು ಗಂಟಿಕ್ಕಿತು, ಗುರುತು ಸಿಗದ ಮಂದಿಯ ಮಾತು ಕೇಳುವಂತೆ. ಆಮೇಲೆ ಸಡಿಲವಾಯಿತು. ಎರಡೂ ಕೈಯಿಂದ ಗುಬಟಿಗಳನ್ನು ಕಿವಿಗೆ ಒತ್ತಿ ಹಿಡಿದಳು. ಹೊರಗಿನಿಂದ ಹೆಂಡತಿ, "ಕೈ ಸೋಲಲಿಕತ್ತಾವ್ರಿ," ಎಂದಳು. ಕೋಲು ಜಗ್ಗಿರಬೇಕು, ಅತ್ಯಾ "ಹೋತು" ಎಂದಳು. "ಇನ್ನಷ್ಟು ಮ್ಯಾಲೆ ಎತ್ತು," ಎಂದು ನಾನು ಕಿಟಕಿಯಿಂದ ಕೂಗಿದೆ. "ಬಂತು," ಎಂದಳು ಅತ್ಯಾ, ಕಣ್ಣು ಮುಚ್ಚಿಕೊಂಡು.

ಸ್ವಲ್ಪ ಹೊತ್ತಿಗೆ ಆಕೆ ತಾನೇ ಅದನ್ನು ತೆಗೆದು ತೊಡೆಯ ಮೇಲಿಟ್ಟುಕೊಂಡಳು. ಮುಗಿಯಿತೆಂದು ಅದರಿಂದಲೇ ತಿಳಿಯಿತು. ಆಕೆ ಸ್ನಾನಕ್ಕೆ ಏಳುತ್ತಾಳೆ ಎಂದುಕೊಂಡೆ. ಏಳಲಿಲ್ಲ.

"ಹ್ಯಾಂಗ ಹಾಡಿದ, ಅತ್ಯಾ?"

"ಮುಂದಿನ ಹಲ್ಲು ಹೋಗ್ಯಾವ ಅಂವಗ," ಎಂದಳು. "ಮಾತು ಬಂದಲ್ಲೆ ಗಾಳಿ ಸೋರತದ. ದಮ್ಮೂ ಸಾಲವಲ್ದು." ತೊಡೆಯ ಮೇಲಿನ ತೊಗಲಿನ ಪಟ್ಟಿಯನ್ನು ಬೆರಳಿನಿಂದ ಸವರುತ್ತ ಕುಳಿತಳು. "ಇಷ್ಟು ವರ್ಷ ನಾ ಒಂದು ಸಣ್ಣ ಹುಡುಗನ ಹಾದಿ ಕಾಯ್ಕೋತ ಕೂತಿದ್ದೆ. ಅಂವಾ ಎಲ್ಲೂ ಇಲ್ಲಲೋ."

ನಾನು ಗುಂಡಿ ತಿರುವಿ ಪೆಟ್ಟಿಗೆ ಆರಿಸಿದೆ. ಹಿತ್ತಲಿಂದ ಹೆಂಡತಿಯ ದನಿ ಬಂತು.

"ಇಳಸಲೇನ್ರಿ?"

ನಾನು ಬಾಯಿ ತೆರೆಯುವ ಮೊದಲೇ ಅತ್ಯಾ ಉತ್ತರ ಕೊಟ್ಟಳು.

"ಇಳಸವಾ. ಮುಗೀತು."