ಚಿಕ್ಕಪ್ಪನ ತಲೆಗೆ ಹಾಕಿದ ಔಷಧ

ನಮ್ಮ ಚಿಕ್ಕಪ್ಪನ ಕಟಿಂಗ್ ಅಂಗಡಿಯಲ್ಲಿ ಗಿರಾಕಿಗಳು ಕೂದಲು ಕತ್ತರಿಸಿಕೊಂಡ ಮೇಲೂ ಏಳುತ್ತಿರಲಿಲ್ಲ. ಚಿಕ್ಕಪ್ಪನ ಮಾತು ಹಾಗಿತ್ತು. ಕನ್ನಡಿಯಲ್ಲಿ ಗಿರಾಕಿ ನಕ್ಕರೆ, ನಗು ಮುಗಿಯುವವರೆಗೆ ಕತ್ತರಿಯನ್ನು ಗಾಳಿಯಲ್ಲೇ ಆಡಿಸುತ್ತಾ ನಿಲ್ಲುವರು. ಮನೆಗೆ ಬಂದರೂ ಬಾಯಿಗೆ ಬಿಡುವಿಲ್ಲ. "ಸ್ವಲ್ಪ ಬಾಯಿ ಮುಚ್ಕೊಂಡು ಊಟ ಮಾಡ್ರೀ" ಎಂದು ಚಿಕ್ಕಮ್ಮ ರೇಗುವಳು. ಬರುವುದು ತಡವಾದರೆ ಬಾಗಿಲಲ್ಲಿ ನಿಂತು ದಾರಿ ಕಾಯುವವಳೂ ಅವಳೇ. ನನಗಂತೂ ಚಿಕ್ಕಪ್ಪ ಅಂದರೆ ಪ್ರಾಣ.

ಅಂಗಡಿಯ ಮೆಟ್ಟಿಲಲ್ಲಿ ಜಾರಿ ಬಿದ್ದು ಅವರ ತಲೆಗೆ ಪೆಟ್ಟಾಯಿತು. ಆಪರೇಷನ್ ಮಾಡಿ ಒಳಗೆ ಹೆಪ್ಪುಗಟ್ಟಿದ ರಕ್ತ ತೆಗೆದರು, ಮೆದುಳಿನ ನೀರು ಹೊರಗೆ ಹರಿಯಲೆಂದು ಸಣ್ಣ ಕೊಳವೆ ಇಟ್ಟರು. "ನನ್ನ ತಲೆ ಬೋಳಿಸಿದ ಪುಣ್ಯಾತ್ಮನಿಗೆ ಬ್ಲೇಡ್ ಹಿಡಿಯೋಕೇ ಬರಲ್ಲ" ಎಂದು ಹಾಸಿಗೆಯಲ್ಲೇ ಅವರ ತಕರಾರು. ಇನ್ನೇನು ಮನೆಗೆ ಬರುತ್ತಾರೆ ಅನ್ನುವಾಗ ಜ್ವರ ಬಂತು, ಕುತ್ತಿಗೆ ಸೆಟೆಯಿತು, ಮಾತು ನಿಂತಿತು, ಎಚ್ಚರವೂ ತಪ್ಪಿತು. ಆಸ್ಪತ್ರೆಯಲ್ಲೇ ಅಂಟಿದ ರೋಗಾಣು ಕೊಳವೆಯ ದಾರಿ ಹಿಡಿದು ಮೆದುಳಿನ ಪೊರೆಗೆ ಸೇರಿತ್ತು. ಕೊಟ್ಟ ಯಾವ ಆಂಟಿಬಯೋಟಿಕ್‌ಗೂ ಅದು ಜಗ್ಗಲಿಲ್ಲ.

ಒಂದು ಮಧ್ಯಾಹ್ನ ಚಿಕ್ಕಪ್ಪನ ಬಲಗೈ ಬೆರಳುಗಳು ಪಟಪಟ ಆಡತೊಡಗಿದವು. ಚಿಕ್ಕಮ್ಮ ನನ್ನ ತೋಳು ಹಿಡಿದೆಳೆದಳು. "ನೋಡೇ, ಕತ್ರಿ ಆಡಿಸ್ತಿದಾರೆ! ಅಂಗಡಿ ನೆನಪಾಗಿದೆ ಕಣೇ!" ಇಬ್ಬರೂ ನಗುತ್ತಾ ನೋಡುತ್ತಾ ಕೂತೆವು. ನರ್ಸ್ ಓಡಿ ಬಂದ ಮೇಲೇ ನಮಗೆ ಗೊತ್ತಾಗಿದ್ದು, ಅದು ಫಿಟ್ಸ್.

ಫಿಟ್ಸ್ ನಿಲ್ಲಿಸಿ ಹೊರಗೆ ಬಂದ ಡಾಕ್ಟರಮ್ಮ ಏನನ್ನೂ ಮುಚ್ಚಿಡಲಿಲ್ಲ. "ಹಳೇ ಔಷಧ ಒಂದಿದೆ. ಬರೀ ರಕ್ತಕ್ಕೆ ಕೊಟ್ರೆ ಮೆದುಳಿಗೆ ಸಾಕಾಗೋಷ್ಟು ತಲುಪಲ್ಲ. ಕೊಳವೆ ಬದಲಾಯಿಸಿ, ಅದರಿಂದ ನೇರ ತಲೆಗೂ ಹಾಕ್ತೀವಿ. ಕಿಡ್ನಿಗೆ ತೊಂದರೆ ಆಗಬಹುದು. ಉಳಿದ್ರೂ ಮೊದಲಿನ ಹಾಗೇ ಇರ್ತಾರೆ ಅಂತ ಹೇಳೋಕಾಗಲ್ಲ."

"ಹಾಕಿ ಡಾಕ್ಟ್ರೇ. ನನ್ನ ಹತ್ರ ಮತ್ತೆ ಮಾತಾಡ್ಲಿ, ಅಷ್ಟೇ ಸಾಕು" ಎಂದಳು ಚಿಕ್ಕಮ್ಮ.

ಕೊಳವೆಯಲ್ಲಿ ಇಳಿಯುತ್ತಿದ್ದ ಮಬ್ಬು ನೀರು ದಿನ ಕಳೆದಂತೆ ತಿಳಿಯಾಯಿತು. ಜ್ವರ ಬಿಟ್ಟಿತು. ಪರೀಕ್ಷೆಯಲ್ಲಿ ರೋಗಾಣು ಸಿಗಲಿಲ್ಲ. ಕೊನೆಗೊಂದು ಬೆಳಿಗ್ಗೆ ಚಿಕ್ಕಪ್ಪ ಕಣ್ಣು ಬಿಟ್ಟು ನಮ್ಮನ್ನು ಒಬ್ಬೊಬ್ಬರಾಗಿ ನೋಡಿದರು.

"ಯಾಕೆ ಎಲ್ರೂ ಪಿಸುಪಿಸು ಅಂತಿದ್ದೀರಿ? ನಾನಿನ್ನೂ ಸತ್ತಿಲ್ಲ ಕಣ್ರೇ."

ನಾವ್ಯಾರೂ ಪಿಸುಗುಟ್ಟುತ್ತಿರಲಿಲ್ಲ. ಚಿಕ್ಕಮ್ಮ ವಾರ್ಡಿಗೆಲ್ಲ ಕೇಳುವಂತೆ ಅವರನ್ನು ಕೂಗಿ ಕರೆಯುತ್ತಿದ್ದಳು. ಕಾಯಿಲೆ ಹೋಗುವಾಗ ಅವರ ಕಿವಿಯನ್ನೂ ತೆಗೆದುಕೊಂಡು ಹೋಗಿತ್ತು. ಅದು ಅರ್ಥವಾದಾಗ ಚಿಕ್ಕಮ್ಮ ಮಂಚದಂಚಿಗೆ ಕೂತು, ಅವರ ಕೈಯನ್ನು ತನ್ನ ಗಂಟಲ ಮೇಲೆ ಒತ್ತಿ ಇಟ್ಟುಕೊಂಡು, ಮನೆಯ ಸುದ್ದಿಯನ್ನೆಲ್ಲ ಮೊದಲಿನಿಂದ ಹೇಳತೊಡಗಿದಳು.