ಪಕ್ಕದ ಮನೆಯಾಕೆಯ ಕ್ಯಾಂಪರ್

ಕಳೆದ ತಿಂಗಳು ಅಡುಗೆಮನೆಗೆ ಹೊಸ ಕಪಾಟು ಮಾಡಿಸಿದೆವು. ಆಗಷ್ಟೇ ಕೊಯ್ದ ಪ್ಲೈವುಡ್ಡಿನ, ಅಂಟಿನ ವಾಸನೆ ಮೂಗಿಗೆ ಬಡಿದದ್ದೇ ತಡ, ಪಕ್ಕದ ಮನೆಯಾಕೆ ನೆನಪಾದರು. ತೊಂಬತ್ತರ ದಶಕದ ಕೊನೆಯಲ್ಲಿ, ಒಳಗೇ ಹಾಸಿಗೆ, ಅಡುಗೆ ಕಪಾಟು ಕೂಡಿಸಿದ, ಇದೇ ವಾಸನೆಯ ಕ್ಯಾಂಪರ್ ಗಾಡಿಗಳನ್ನು ಹತ್ತಿ ಇಳಿಯುತ್ತ ನಾವಿಬ್ಬರೂ ಎಷ್ಟು ಶನಿವಾರ ಕಳೆದೆವೋ...

ನನ್ನವರು ಆಗ ನೆದರ್ಲೆಂಡ್ಸಿನ ವಾಗೆನಿಂಗನ್‌ನಲ್ಲಿ ಮಣ್ಣಿನ ಸಂಶೋಧನೆ ಮಾಡುತ್ತಿದ್ದರು. ನಾನು ಮನೆಯಲ್ಲಿ. ಆಕೆ ಶಾಲೆಯಲ್ಲಿ ಭೂಗೋಳ ಕಲಿಸಿ ನಿವೃತ್ತರಾಗಿದ್ದರು. ಕೆಲಸ ಮುಗಿದ ಮೇಲೆ ಯುರೋಪೆಲ್ಲ ಸುತ್ತೋಣವೆಂದು ಗಂಡ ಹೆಂಡತಿ ಕೂಡಿಯೇ ಕಾರಿನ ಹಿಂದೆ ಎಳೆದೊಯ್ಯುವ ದೊಡ್ಡ ಮನೆಗಾಡಿ, ಕ್ಯಾರವಾನ್ ಒಂದನ್ನು ಆರಿಸಿದ್ದರಂತೆ. ಆ ಮನುಷ್ಯ ಅದನ್ನೇ ಕಾರಿಗೆ ಕಟ್ಟಿಕೊಂಡು ಆಕೆಯ ಗೆಳತಿಯ ಜೊತೆ ಹೊರಟುಹೋಗಿದ್ದ.

ಆಕೆ ಅಳಲಿಲ್ಲ. ಗಾಡಿ ಹುಡುಕತೊಡಗಿದರು. ಕ್ಯಾರವಾನ್ ಬೇಡ, ಹಿಂದಕ್ಕೆ ತೆಗೆಯಲು ಕೆಳಗಿಳಿದು ಕೈಬೀಸುವವರೊಬ್ಬರು ಬೇಕು. ಚಾಲಕನ ತಲೆಯ ಮೇಲೆ ಹಾಸಿಗೆಯಿರುವ ದೊಡ್ಡ ಕ್ಯಾಂಪರೂ ಬೇಡ, ಏಣಿ ಹತ್ತಲು ಮೊಣಕಾಲು ಕೇಳುವುದಿಲ್ಲ. ಒಬ್ಬರೇ ಓಡಿಸಬಹುದಾದ, ಸಣ್ಣ ರಸ್ತೆಗಳಲ್ಲೂ ನುಗ್ಗುವಂಥ ವ್ಯಾನ್ ಬೇಕಿತ್ತು. ಸಿಕ್ಕಿತು. ಮಾರುವವನು, "ನಿಮ್ಮ ಯಜಮಾನರನ್ನ ಕರ್ಕೊಂಡು ಬನ್ನಿ, ಓಡಿಸಿ ನೋಡಲಿ" ಎಂದ.

"ಅವನನ್ನ ಹಿಂದಿಕ್ಕೋಕೇ ಈ ಗಾಡಿ ತಗೋತಿರೋದು" ಎಂದರು ಆಕೆ.

ಫ್ರಾನ್ಸಿನ ಸರೋವರವೊಂದರ ದಡದ ಕ್ಯಾಂಪಿಂಗ್ ತಾಣಕ್ಕೆ ಮೊದಲೆಲ್ಲ ಗಂಡನೂ ಆಕೆಯೂ ಪ್ರತಿ ಬೇಸಿಗೆ ಹೋಗುತ್ತಿದ್ದರು. ನೀರಿನ ಅಂಚಿನಲ್ಲಿ ಅಕ್ರೋಟು ಮರದ ಕೆಳಗೆ ಒಂದು ಜಾಗ. ಮೊದಲು ಬಂದವರಿಗೆ ಅದು. ಆತ ಜುಲೈನ ಮೊದಲ ಶನಿವಾರವೇ ಬರುವವನು. ಗುರುವಾರವೇ ಹೋಗಿ ಹಿಡಿಯಬೇಕೆಂಬುದು ಆಕೆಯ ಹಂಚಿಕೆ.

ಹೊರಡುವ ವಾರ ಆಕೆಯ ಮನಸ್ಸು ಹೊಯ್ದಾಡಿತು. ಮೇಜಿನ ಮೇಲೆ ಭೂಪಟ ಹರಡಿ, "ಇಷ್ಟು ವರ್ಷ ಪಾಠ ಮಾಡಿದೆ, ಪೋರ್ಚುಗಲ್ ನೋಡೇ ಇಲ್ಲ. ಅಲ್ಲಿಗೇ ಹೋಗ್ಲಾ?" ಎಂದು ಕೇಳಿದರು.

"ಪೋರ್ಚುಗಲ್ ಎಲ್ಲೂ ಓಡಿಹೋಗಲ್ಲ. ಮೊದಲು ಅವರ ಮುಖ ನೋಡ್ಕೊಂಡು ಬನ್ನಿ" ಎಂದೆ.

ನನ್ನವರು ರೇಗಿದರು. "ಅವರ ಮನೆ ಜಗಳದಲ್ಲಿ ನೀನ್ಯಾಕೆ ತಲೆ ಹಾಕ್ತೀಯ?" ನಾನು ಕೇಳಲಿಲ್ಲ. ನನಗೇ ಆದ ಮೋಸವೆಂಬಂತೆ ಒಳಗೆ ಕುದಿಯುತ್ತಿದ್ದೆ.

ಜುಲೈನಲ್ಲಿ ಪೋಸ್ಟ್‌ಕಾರ್ಡ್ ಬಂತು. "ಅವರಿಗೆ ಸಿಕ್ಕಿದ್ದು ಶೌಚಾಲಯದ ಪಕ್ಕದ ಜಾಗ. ಗಾಳಿ ಅವರ ಕಡೆಗೇ ಬೀಸುತ್ತಿದೆ." ಅಡುಗೆಮನೆಯಲ್ಲಿ ನಿಂತು ಚಪ್ಪಾಳೆ ತಟ್ಟಿದೆ. ಅಂದು ಪಾಯಸ ಮಾಡಿದೆ.

ಮೂರು ವಾರದ ಮೇಲೆ ಆಕೆ ಮರಳಿದರು. ಮುಖದಲ್ಲಿ ಗೆಲುವಿರಲಿಲ್ಲ. ಕಾಫಿ ತಣ್ಣಗಾಗುವವರೆಗೂ ಕಲಕುತ್ತ ಕೂತು, "ಅವಳು ಅವನಿಗೆ ಮೊಟ್ಟೆ ಸುಲಿದು ಕೊಡ್ತಾಳೆ... ದಿನಾ ನೋಡ್ದೆ. ಕುರ್ಚೀನ ಅವರ ಕಡೆಗೇ ತಿರುಗಿಸಿ ಹಾಕ್ಕೊಂಡಿದ್ದೆ. ಸರೋವರ ನನ್ನ ಬೆನ್ನ ಹಿಂದಿತ್ತು" ಎಂದರು. ಬರುವ ವಸಂತಕ್ಕೆ ಪೋರ್ಚುಗಲ್ ಎಂದು ತೀರ್ಮಾನವಾಯಿತು.

ಫೆಬ್ರವರಿಯಲ್ಲಿ ಮೆದುಳಿನಲ್ಲಿ ರಕ್ತಸ್ರಾವವಾಗಿ ಆಕೆ ತೀರಿಕೊಂಡರು.

ಅಂತ್ಯಕ್ರಿಯೆಗೆ ಆತ ಬಂದಿದ್ದ, ಒಬ್ಬನೇ. ಕಾಫಿಯ ಬಟ್ಟಲು ಹಿಡಿದು ನನ್ನ ಬಳಿ ಬಂದು, "ಅಲ್ಲಿಂದ ಬಂದ ಮೇಲೆ ನನ್ನ ವಿಷಯ ಏನಾದ್ರೂ ಹೇಳಿದ್ಲಾ?" ಎಂದು ಮೆಲ್ಲಗೆ ಕೇಳಿದ. ಕಣ್ಣು ಕೆಂಪಾಗಿದ್ದವು. ಏನೋ ಒಂದು ಮಾತು, ಬೈಗುಳವಾದರೂ ಸರಿ, ಬೇಕಿತ್ತು ಅವನಿಗೆ.

"ಇಲ್ಲ. ಸರೋವರ ತುಂಬಾ ಚೆನ್ನಾಗಿತ್ತು ಅಂದ್ರು, ಅಷ್ಟೇ" ಎಂದೆ.

ಅವನ ಮುಖ ಕುಸಿದದ್ದನ್ನು ತೃಪ್ತಿಯಾಗುವಷ್ಟು ನೋಡಿದೆ.

ಈಗ ನನಗೂ ಆಕೆಯ ಅಂದಿನ ವಯಸ್ಸು ಹತ್ತಿರವಾಗುತ್ತಿದೆ. ಆ ಸುಳ್ಳಿಗೆ ಇವತ್ತಿಗೂ ಪಶ್ಚಾತ್ತಾಪವಿಲ್ಲ. ಆದರೆ ಆಕೆಗೆ ಉಳಿದಿದ್ದದ್ದು ಅದೊಂದೇ ಬೇಸಿಗೆ... ಪೋರ್ಚುಗಲ್ ತಪ್ಪಿಸಿ ಅದನ್ನು ಅವನ ಪಾಲು ಮಾಡಿದ್ದು ನಾನು.