ನಾನು ಕಡಿಮೆ ತುಂಬಿದ ತೋಟಾಗಳು

ಮಂಜಪ್ಪನ ಗುರಿ ತಪ್ಪಿರಲಿಲ್ಲ. ಅವತ್ತು ಅವನು ಹೊಡೆದ ಎರಡೂ ಈಡು ಹಂದಿಗೆ ತಾಗಿದ್ದವು. ಆ ತೋಟಾಗಳಲ್ಲಿ ಇರಬೇಕಾದಷ್ಟು ಮದ್ದು ಇರಲಿಲ್ಲ — ತುಂಬಿದವಳು ನಾನು, ಬೇಕೆಂದೇ ಕಡಿಮೆ ತುಂಬಿದವಳೂ ನಾನು. ಇಪ್ಪತ್ತೆರಡು ವರ್ಷ ಈ ಮಾತನ್ನು ಬಾಯಿಗೆ ತಂದಿರಲಿಲ್ಲ. ಈಗ ಬರೆಯಲು ಕುಳಿತರೆ, ಇಷ್ಟು ಸಣ್ಣ ವಾಕ್ಯಕ್ಕೆ ಅಷ್ಟು ವರ್ಷ ಬೇಕಾಯಿತೇ ಎಂದು ನನಗೇ ಅನ್ನಿಸುತ್ತದೆ.

ನಾನು ತೀರ್ಥಹಳ್ಳಿಯ ಅಕ್ಕಸಾಲಿಗರ ಮನೆಯ ಮಗಳು. ಮದುವೆಯಾಗಿ ಬಂದದ್ದು ರಿಪ್ಪನ್‌ಪೇಟೆಯ ಹತ್ತಿರದ ಹಳ್ಳಿಗೆ. ನನ್ನ ಯಜಮಾನರಿಗೆ ಅಕ್ಕಿ ಗಿರಣಿ ಇತ್ತು, ಗಿರಣಿಯ ಹಿಂದೆ ಮೂರು ಎಕರೆ ಮೆಕ್ಕೆಜೋಳ. ಊರಿನಲ್ಲಿ ಅವರ ಮಾತಿಗೆ ಬೆಲೆಯಿತ್ತು. ಜಗಳ ಬಿಡಿಸಲು ಜನ ಅವರನ್ನೇ ಕರೆಯುತ್ತಿದ್ದರು. ಹಂದಿ ಕಾಟ ಹೆಚ್ಚಾದಾಗ ಅವರು ಬೆಳೆ ರಕ್ಷಣೆಗೆಂದು ಕೋವಿಯ ಲೈಸೆನ್ಸ್ ಮಾಡಿಸಿದರು. ಕೋವಿ ತರಲು ಶಿವಮೊಗ್ಗಕ್ಕೆ ಹೋದಾಗ ನನ್ನನ್ನೂ ಕರೆದುಕೊಂಡು ಹೋಗಿದ್ದರು.

ಅಂಗಡಿಯಲ್ಲಿ ಅವರು ಮೊದಲು ಕೇಳಿದ್ದು ರಿವಾಲ್ವರ್. ಸೊಂಟಕ್ಕೆ ಕಟ್ಟಿಕೊಳ್ಳುವಂಥದ್ದು, ಇರುವುದರಲ್ಲೇ ದಪ್ಪ ನಳಿಗೆಯದ್ದು. ನಿಮ್ಮ ಲೈಸೆನ್ಸಿಗೆ ಅದು ಬರುವುದಿಲ್ಲ, ಅಷ್ಟು ದೊಡ್ಡದು ಜನಸಾಮಾನ್ಯರಿಗೆ ಕೊಡುವುದೂ ಇಲ್ಲ ಎಂದು ಅಂಗಡಿಯವನು ಸಮಾಧಾನದಿಂದ ಹೇಳಿದ. ಆದರೂ ಚಿಕ್ಕದೊಂದನ್ನು ತೋರಿಸಿದ. ಇವರು ಅದನ್ನು ಅಂಗೈಯಲ್ಲಿಟ್ಟು ತೂಗಿ ನೋಡಿದರು, ಗೋಡೆಯ ಕ್ಯಾಲೆಂಡರಿಗೆ ಗುರಿ ಹಿಡಿದರು, ಒಲ್ಲದ ಮನಸ್ಸಿನಿಂದ ವಾಪಸು ಇಟ್ಟರು. ಅಂಗಡಿಯವನು ಒಂಟಿ ನಳಿಗೆಯ ಹಗುರದ ಕೋವಿಯೊಂದನ್ನು ಮುಂದಿಟ್ಟು, ಬೆಳೆ ಕಾಯೋಕೆ ಇಷ್ಟು ಸಾಕು ಅಂದ.

"ಸಾಕು ಅನ್ನೋದು ಬೇಡ. ಜಾಸ್ತಿ ಇರೋದು ಕೊಡಿ" ಅಂದರು ಇವರು.

ಹಾಗೆ ನಮ್ಮ ಮನೆಗೆ ಜೋಡು ನಳಿಗೆಯ ಭಾರದ ಕೋವಿ ಬಂತು.

ಅಂಗಡಿಯ ತೋಟಾ ವರ್ಷಕ್ಕೆ ಇಷ್ಟೇ ಎಂದು ಲೆಕ್ಕವಿತ್ತು. ಹೊಡೆದ ಖಾಲಿ ತೋಟಾವನ್ನು ಮನೆಯಲ್ಲೇ ಮತ್ತೆ ತುಂಬುವುದನ್ನು ಇವರು ಹೊಸನಗರದ ಮುದುಕರೊಬ್ಬರಿಂದ ಕಲಿತು ಬಂದರು. ಅದು ಕಾನೂನಿಗೆ ಒಪ್ಪುವ ಕೆಲಸವಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಸುತ್ತಮುತ್ತ ಇನ್ನೂ ಕೆಲವರು ಮಾಡುತ್ತಿದ್ದರು, ನಾವೂ ಮಾಡಿದೆವು. ಇವರ ಕೈಗೆ ತಾಳ್ಮೆ ಇರಲಿಲ್ಲ. ಮದ್ದು ಚೆಲ್ಲುತ್ತಿತ್ತು, ಸೀಸದ ಚರೆ ಉರುಳಿ ಮಂಚದಡಿ ಸೇರುತ್ತಿತ್ತು. ಒಂದು ಭಾನುವಾರ ನಾನೇ, ಕೊಡಿ ಇಲ್ಲಿ, ಅಂದೆ. ಅಪ್ಪನ ಚಿನ್ನ ತೂಗುವ ತಕ್ಕಡಿ ನನ್ನ ಹತ್ತಿರ ಇತ್ತು. ಗುಲಗಂಜಿ ತೂಕ ನೋಡುತ್ತ ಬೆಳೆದವಳು ನಾನು. ಅವತ್ತಿನಿಂದ ಅದು ನನ್ನ ಕೆಲಸವಾಯಿತು.

ಹೇಳಲು ನಾಚಿಕೆ — ನನಗೆ ಅದರಲ್ಲಿ ಹೆಮ್ಮೆ ಇತ್ತು. ನಾನು ತುಂಬಿದ್ದು ಒಂದೂ ಹುಸಿ ಹೋಗುತ್ತಿರಲಿಲ್ಲ. ಕೋವಿ ಇದ್ದ ನೆಂಟರು ಬಂದರೆ ಇವರು ನನ್ನ ತೋಟಾ ತೋರಿಸಿ, ಕಂಪನಿಯವರೂ ಹೀಗೆ ತುಂಬಲ್ಲ ನೋಡಿ ಅನ್ನುತ್ತಿದ್ದರು. ಇವರು ನನ್ನನ್ನು ನಾಲ್ಕು ಜನರ ಮುಂದೆ ಹೊಗಳುತ್ತಿದ್ದುದು ಅದೊಂದಕ್ಕೇ.

ನನ್ನ ಯಜಮಾನರು ನನ್ನ ಮೇಲೆ ಕೈ ಮಾಡಿದವರಲ್ಲ. ಅದನ್ನು ನಾನು ಸ್ಪಷ್ಟವಾಗಿ ಹೇಳಬೇಕು. ಆದರೆ ಒಂದು ಮಧ್ಯಾಹ್ನ — ನಾನು ಹೇಳದೆ ತವರಿಗೆ ಹೋಗಿ ಎರಡು ದಿನ ಇದ್ದು ಬಂದಿದ್ದೆ — ಇವರು ಕೋವಿ ಒರೆಸುತ್ತ ಕುಳಿತಿದ್ದರು. ನಾನು ಊಟಕ್ಕೆ ಕರೆದೆ. ಇವರು ನಳಿಗೆಯನ್ನು ನಿಧಾನಕ್ಕೆ ತಿರುಗಿಸಿ ನನ್ನ ಎದೆಗೆ ಹಿಡಿದರು. ಎಷ್ಟು ಹೊತ್ತೋ... ಆಮೇಲೆ ನಕ್ಕು, "ಹೆದರಿದ್ಯಾ?" ಅಂದರು. ಕೋವಿ ಖಾಲಿ ಇತ್ತಂತೆ. ಆಮೇಲೂ ನಾಲ್ಕೈದು ಸಲ ಹಾಗೆ ಮಾಡಿದರು. ಪ್ರತಿ ಸಲವೂ ತಮಾಷೆ. ಚುನಾವಣೆ ಬಂದು ಕೋವಿಗಳನ್ನೆಲ್ಲ ಸ್ಟೇಷನ್ನಿಗೆ ಒಪ್ಪಿಸಿದ ಆ ಒಂದೂವರೆ ತಿಂಗಳು ನಾನು ಮೈಮರೆತು ನಿದ್ದೆ ಮಾಡಿದ್ದು ನೆನಪಿದೆ.

ಒಂದು ದಿನ ಅದು ಖಾಲಿ ಇರದಿದ್ದರೆ — ನನ್ನ ಎದೆಗೆ ಬರುವುದು ನಾನೇ ತುಂಬಿದ ತೋಟಾ. ಈ ಯೋಚನೆ ಒಂದು ಸಲ ಬಂದದ್ದು ಹೋಗಲಿಲ್ಲ. ಮುಂದಿನ ಭಾನುವಾರ ನಾನು ಮದ್ದು ಕಡಿಮೆ ಹಾಕಿದೆ. ಅದರ ಮುಂದಿನ ವಾರ ಇನ್ನೂ ಕಡಿಮೆ. ಇವರಿಗೆ ಗೊತ್ತಾಗಲಿಲ್ಲ. ಹೊಲದ ಅಂಚಿನಲ್ಲಿ ನಿಂತು ಆಕಾಶಕ್ಕೆ ಹೊಡೆಯುವವರಿಗೆ ಸದ್ದು ಬಂದರೆ ಸಾಕಲ್ಲ. ಒಂದು ಕೋಣೆಯೊಳಗೆ ಮನುಷ್ಯರ ಮೇಲೆ ಹೊಡೆದರೆ ಅರ್ಧ ಮದ್ದೂ ಸಾಕಾಗುತ್ತದೆ ಎಂದು ನನಗೆ ಆಗ ಹೊಳೆಯಲಿಲ್ಲ. ಅಂದರೆ ನಾನು ಮಾಡಿದ್ದು ನನ್ನನ್ನೂ ಕಾಯುತ್ತಿರಲಿಲ್ಲ. ಅದರಿಂದ ಆದದ್ದು ಒಂದೇ —

ಮಂಜಪ್ಪ ನಮ್ಮ ಊರಿನ ಲೈನ್‌ಮನ್. ನಮ್ಮ ಪಕ್ಕದ ಮನೆ. ಮೂವತ್ತು ದಾಟಿರಲಿಲ್ಲ. ನನ್ನನ್ನು ಅಕ್ಕ ಎಂದೇ ಕರೆಯುತ್ತಿದ್ದ. ಮರ ಬಿದ್ದು ತಂತಿ ಹರಿದರೆ ಆಫೀಸಿನಿಂದ ಫೋನು ಬರುವ ಮೊದಲೇ ಕಂಬದ ಮೇಲಿರುತ್ತಿದ್ದ. ಅವನ ಅಪ್ಪನಿಗೆ ಹಳೆಯ ಕೇಪಿನ ಕೋವಿ ಇದ್ದುದರಿಂದ ಚಿಕ್ಕಂದಿನಿಂದ ಗುರಿ ಹಿಡಿದು ಅಭ್ಯಾಸವಿತ್ತು. ಹಗ್ಗಕ್ಕೆ ಕಟ್ಟಿದ ತೆಂಗಿನಕಾಯಿ ಹೊಡೆಯುವ ಪಂದ್ಯದಲ್ಲಿ ಅವನಿದ್ದರೆ ಬೇರೆಯವರು ಹೆಸರು ಕೊಡುತ್ತಿರಲಿಲ್ಲ.

ಜೋಳ ಮುರಿಯುವ ದಿನಗಳು. ಬೆಳಿಗ್ಗೆ ಎಂಟು ಗಂಟೆ ಇರಬೇಕು. ಇವರು ಸಾಗರಕ್ಕೆ ಹೋಗಿದ್ದರು. ನಮ್ಮ ಹೊಲದಲ್ಲಿ ಹೆಂಗಸರು ಜೋಳ ಮುರಿಯುತ್ತಿದ್ದಾಗ ಒಳಗೇ ದೊಡ್ಡ ಹಂದಿಯೊಂದು ಉಳಿದುಕೊಂಡಿರುವುದು ಗೊತ್ತಾಯಿತು. ನಾಯಿಗಳು ಸುತ್ತುಗಟ್ಟಿದ್ದವು. ಅದು ಹೊರಗೆ ಬಂದರೆ ಯಾರ ಮೇಲೆ ಬೀಳುತ್ತದೋ ಎಂದು ಮಂಜಪ್ಪ ಓಡಿ ಬಂದ. ಯಜಮಾನರಿಲ್ಲದಾಗ ಕೋವಿಯನ್ನು ಬೇರೆಯವರ ಕೈಗೆ ಕೊಡುವ ಹಾಗಿಲ್ಲ. ಆದರೂ ಕೊಟ್ಟೆ. ಅಷ್ಟರ ಮಟ್ಟಿಗೆ ನನ್ನ ಮೇಲೆ ಯಾರೂ ತಪ್ಪು ಹೊರಿಸಲಾರರೇನೋ.

ಆದರೆ ತೋಟಾದ ಡಬ್ಬಿ ತೆರೆದಾಗ ಅದರಲ್ಲಿ ಅಂಗಡಿಯ ಹೊಸ ತೋಟಾ ಎರಡು ಇದ್ದವು. ಹೊಸದನ್ನು ಮುಟ್ಟಬಾರದು ಎಂದು ಇವರು ಹೇಳಿಟ್ಟಿದ್ದರು. ಮುಟ್ಟಿದರೆ ಸಂಜೆ ಏನಾಗುತ್ತದೆ ಎಂದು ಯೋಚಿಸಿದೆ. ಮಂಜಪ್ಪ ಬಾಗಿಲಲ್ಲಿ ಕೈ ಚಾಚಿ ನಿಂತಿದ್ದ. ಅದೆಷ್ಟು ಹೊತ್ತು — ಒಂದು ಉಸಿರಿನಷ್ಟು. ಸದ್ದು ಕೇಳಿದರೆ ಹಂದಿ ಓಡಿಹೋಗುತ್ತದೆ ಅಂದುಕೊಂಡೆ. ಅಂದುಕೊಳ್ಳಲು ಅದು ಅನುಕೂಲವಾಗಿತ್ತು. ನಾನು ತುಂಬಿದ ಎರಡನ್ನು ತೆಗೆದು ಅವನ ಕೈಯಲ್ಲಿಟ್ಟೆ. ಇದರಲ್ಲಿ ಮದ್ದು ಕಡಿಮೆ, ಹತ್ತಿರ ಹೋಗಬೇಡ — ಇಷ್ಟು ಹೇಳಬಹುದಿತ್ತು. ಹೇಳಲಿಲ್ಲ.

ಎರಡು ಈಡು ಕೇಳಿಸಿತು. ಆಮೇಲೆ ಹೆಂಗಸರ ಕೂಗು.

ಹತ್ತು ಹೆಜ್ಜೆಯಲ್ಲಿ ಹೊಡೆದಿದ್ದ. ಹಂದಿ ಬೀಳಲಿಲ್ಲ, ಓಡಲೂ ಇಲ್ಲ, ತಿರುಗಿ ಅವನ ಮೇಲೆ ಬಂತು. ತೊಡೆಯಿಂದ ಮೊಣಕಾಲಿನ ಕೆಳಗಿನವರೆಗೆ ಸೀಳಿ ಕಾಡಿಗೆ ನುಗ್ಗಿತು, ಮತ್ತೆ ಯಾರಿಗೂ ಸಿಗಲಿಲ್ಲ. ಗಿರಣಿಯ ಲಾರಿಯಲ್ಲಿ ಮಲಗಿಸಿ ಶಿವಮೊಗ್ಗಕ್ಕೆ ಸಾಗಿಸಿದರು. ಅಷ್ಟು ನೋವಿನಲ್ಲೂ ಅವನು ಮೊದಲು ಮಾಡಿದ ಕೆಲಸವೇನು ಗೊತ್ತೇ — ಕೋವಿಯ ಸುದ್ದಿ ಎತ್ತಬೇಡಿ ಎಂದು ಜೊತೆಯಲ್ಲಿದ್ದವರಿಗೆ ಹೇಳಿದ್ದು. ತಂತಿ ನೋಡಲು ಹೋದಾಗ ಹಂದಿ ಹಾಯಿತು ಎಂದು ಆಸ್ಪತ್ರೆಯಲ್ಲಿ ಬರೆಸಿದ. ನಮಗೆ ತೊಂದರೆಯಾಗಬಾರದೆಂದು.

ಮೂರು ತಿಂಗಳ ನಂತರ ಕೋಲೂರಿಕೊಂಡು ಮನೆಗೆ ಬಂದ. ಕಾಲು ಉಳಿಯಿತು, ಮೊಣಕಾಲು ಮಡಚುತ್ತಿರಲಿಲ್ಲ. ಕಂಬ ಹತ್ತುವ ಕೆಲಸ ಅಲ್ಲಿಗೆ ಮುಗಿಯಿತು. ಆಫೀಸಿನಲ್ಲಿ ಕೂರುವ ಕೆಲಸ ಕೊಟ್ಟರು. ಊರಿನವರು ಮೊದಲು ಮರುಗಿದರು. ಆಮೇಲೆ ಮಾತು ಬೇರೆ ದಾರಿ ಹಿಡಿಯಿತು. ಹತ್ತು ಹೆಜ್ಜೆಯಲ್ಲಿ, ಜೋಡು ನಳಿಗೆಯಲ್ಲಿ, ಎರಡೂ ತಪ್ಪುವುದೆಂದರೆ? ಹೆದರಿ ಕಣ್ಣು ಮುಚ್ಚಿಕೊಂಡು ಹೊಡೆದಿರಬೇಕು. ತಾಗಿದ್ದನ್ನು ಕಂಡೆ, ಕೂದಲು ಹಾರಿತು ಎಂದು ಅವನು ಹೇಳಿದರೆ ಜನ ತಲೆಯಾಡಿಸಿ ಆಚೆ ಹೋಗಿ ನಗುತ್ತಿದ್ದರು. 'ಎರಡು ಈಡಿನ ಮಂಜಪ್ಪ' ಎಂಬ ಹೆಸರು ಅಂಟಿಕೊಂಡಿತು. ನನ್ನ ಯಜಮಾನರೂ ಆ ಹೆಸರನ್ನು ಬಳಸುತ್ತಿದ್ದರು.

ಒಂದು ಸಂಜೆ ಅವನು ನಮ್ಮ ಜಗಲಿಗೆ ಬಂದ. ಇವರು ಗಿರಣಿಯಲ್ಲಿದ್ದರು. ಕಾಫಿ ಕೊಟ್ಟೆ. ಕುಡಿಯದೆ ಲೋಟ ಹಿಡಿದುಕೊಂಡೇ ಕೇಳಿದ:

"ಅಕ್ಕಾ, ತಪ್ಪು ತಿಳ್ಕಬೇಡಿ. ಆ ತೋಟಾ ಸರಿ ಇತ್ತಲ್ವಾ?"

"ನಾನು ತೂಕ ಮಾಡೇ ತುಂಬಿದ್ದು ಮಂಜಪ್ಪ" ಅಂದೆ.

ಸುಳ್ಳಲ್ಲ. ತೂಕ ಮಾಡಿಯೇ ತುಂಬಿದ್ದೆ. ಸುಳ್ಳಾಗದ ಹಾಗೆ ಮಾತನ್ನು ಆರಿಸಿಕೊಂಡೆನಲ್ಲ, ಅದನ್ನು ನೆನೆದರೆ ಈಗಲೂ...

"ಹಂಗಾದ್ರೆ ನನ್ ಕಣ್ಣೇ ಸರಿ ಇಲ್ಲ ಬಿಡಿ" ಅಂದು ಕಾಫಿ ಕುಡಿದು ಹೋದ.

ಆಮೇಲೆ ಅವನು ಎರಡು ಸಲ ಕಣ್ಣು ತೋರಿಸಿಕೊಂಡು ಬಂದನಂತೆ. ಕಣ್ಣಿನಲ್ಲಿ ಏನೂ ದೋಷವಿಲ್ಲ ಎಂದರಂತೆ ಡಾಕ್ಟರು. ಅವನ ಹೆಂಡತಿ ಸುಶೀಲ ನನ್ನ ಹತ್ತಿರ ಹೇಳಿ ಅತ್ತಳು — ಮನೆಯ ಬಲ್ಬು ಹಾಕಲೂ ಈಗ ಬೇರೆಯವರನ್ನು ಕರೆಯುತ್ತಾರೆ, ತಮ್ಮ ಕೈಯನ್ನೇ ನಂಬುವುದಿಲ್ಲ ಎಂದು. ನಾನು ಅವಳ ಬೆನ್ನು ಸವರಿದೆ. ಎರಡು ವರ್ಷದ ನಂತರ ಅವರು ಸಾಗರಕ್ಕೆ ವರ್ಗ ಮಾಡಿಸಿಕೊಂಡು ಹೋದರು. ಹೊರಡುವ ದಿನ ಅವಳಿಗೆ ಅರಿಶಿನ ಕುಂಕುಮ ಕೊಟ್ಟು ಕಳಿಸಿದೆ.

ಗಂಡನ ಹೆದರಿಕೆಗೆ ಬಾಯಿ ಮುಚ್ಚಿಕೊಂಡಿದ್ದೆ ಎಂದು ನಾನು ಬಹಳ ಕಾಲ ನನಗೆ ಹೇಳಿಕೊಂಡೆ. ಅವರು ತೀರಿಕೊಂಡು ಆರು ವರ್ಷವಾಯಿತು. ಕೋವಿಯನ್ನು ಸರ್ಕಾರಕ್ಕೆ ಒಪ್ಪಿಸಿಯೂ ಅಷ್ಟೇ ಕಾಲವಾಯಿತು. ಆ ಆರು ವರ್ಷ ನನ್ನ ಬಾಯಿ ಹಿಡಿದವರು ಯಾರು? ಯಾರೂ ಇಲ್ಲ. ಒಪ್ಪವಾಗಿ ಕೆಲಸ ಮಾಡುವವಳು ಎಂಬ ಹೆಸರು ನನಗಿತ್ತು. ಅದು ನನಗೆ ಬೇಕಾಗಿತ್ತು.

ಕಳೆದ ಬೇಸಿಗೆಯಲ್ಲಿ ಮೇಳಿಗೆಯಲ್ಲಿ ಒಂದು ಮದುವೆ. ಊಟದ ಪಂಕ್ತಿಯಲ್ಲಿ ನನ್ನ ಎದುರು ಸಾಲಿನಲ್ಲಿ ಮಂಜಪ್ಪ ಕುಳಿತಿದ್ದ. ಕೂದಲು ಪೂರ್ತಿ ನರೆತಿತ್ತು. ಕಾಲು ಮಡಚಲಾಗದೆ ಕುರ್ಚಿ ಹಾಕಿಸಿಕೊಂಡಿದ್ದ. ಪಕ್ಕದಲ್ಲಿದ್ದ ಅವನ ಬೀಗರು ಕಾಲಿಗೆ ಏನಾಯಿತು ಎಂದು ಕೇಳಿದರು. ಅವನು ಆ ಕತೆಯನ್ನು ಹೇಳಿದ — ನಗುತ್ತ. "ಹತ್ತು ಹೆಜ್ಜೇಲಿ ಹಂದಿ ತಪ್ಪಿಸ್ದೋನು ನಾನೊಬ್ನೇ ಇರ್ಬೇಕು" ಅಂದ. ಸಾಲಿನವರೆಲ್ಲ ನಕ್ಕರು. ನನ್ನನ್ನು ಕಂಡು ಕೈಯೆತ್ತಿ ನಮಸ್ಕಾರ ಮಾಡಿದ. ತಾಗಿತ್ತು ಎಂದು ಹಟ ಹಿಡಿಯುತ್ತಿದ್ದವನು ಈಗ ತಪ್ಪಿತು ಎಂದು ತಾನೇ ಹೇಳುತ್ತಿದ್ದಾನೆ.

ಮಗಳಿಗೆ ಹೇಳಿದೆ. ಅವಳು ತೀರ್ಥಹಳ್ಳಿಯಲ್ಲಿ ಟೀಚರು. ಅಪ್ಪನ ಹೆಸರು ಯಾಕೆ ಕೆಡಿಸುತ್ತೀಯಮ್ಮ, ಇಷ್ಟು ದಿನ ಇಲ್ಲದ್ದು ಈಗ ಯಾಕೆ ಅಂದಳು. ಮರುವಾರ ಸಾಗರದ ಬಸ್ಸು ಹತ್ತಿದೆ.

ಮಂಜಪ್ಪನ ಮನೆಯಲ್ಲಿ ಕುಳಿತು ಎಲ್ಲವನ್ನೂ ಹೇಳಿದೆ. ಕಡಿಮೆ ತುಂಬಿದ್ದು, ಹೊಸದು ಎರಡು ಇದ್ದದ್ದು, ಆ ಸಂಜೆ ನಾನಾಡಿದ ಮಾತು. ಯಾಕೆ ಕಡಿಮೆ ತುಂಬಿದೆ ಎಂಬುದನ್ನೂ ಹೇಳಿದೆ, ಹೇಳುವಾಗಲೇ ಅದು ತಪ್ಪಿಸಿಕೊಳ್ಳುವ ಮಾತಿನಂತೆ ನನ್ನ ಕಿವಿಗೇ ಕೇಳಿಸಿತು. ಸುಶೀಲ ಬಾಗಿಲಿಗೆ ಒರಗಿ ನಿಂತಿದ್ದಳು. ಅವನು ಬಹಳ ಹೊತ್ತು ತನ್ನ ಎರಡು ಕೈಗಳನ್ನು ನೋಡಿಕೊಂಡು ಕುಳಿತಿದ್ದ. ಬೈಯಲಿಲ್ಲ. ಕೊನೆಗೆ ಹೇಳಿದ:

"ನಂಗೆ ಹೇಳಿದ್ರೆ ಆಗ್ಲಿಲ್ಲ ಅಕ್ಕ. ನಕ್ಕೋರೆಲ್ಲ ಊರಲ್ಲಿದಾರೆ. ಅಲ್ಲಿ ಹೇಳಿ."

ಆಗಲಿ ಅಂದೆ. ಸುಶೀಲ ಗೇಟಿನವರೆಗೆ ಬಂದಳು. ಕಾಫಿ ಕೊಟ್ಟಿರಲಿಲ್ಲ, ನಾನು ನಿರೀಕ್ಷಿಸಿಯೂ ಇರಲಿಲ್ಲ. "ನೀವು ಇನ್ಮೇಲೆ ಬರ್ಬೇಡಿ" ಅಂದಳು, ಮೆಲ್ಲಗೆ, ಸಿಟ್ಟಿಲ್ಲದೆ. ಅವಳು ನನ್ನ ಭುಜದ ಮೇಲೆ ತಲೆಯಿಟ್ಟು ಅತ್ತದ್ದು ಅವಳಿಗೂ ನೆನಪಾಗಿರಬೇಕು.

ಊರಿಗೆ ಬಂದು ಒಂದೊಂದೇ ಮನೆಗೆ ಹೋಗುತ್ತಿದ್ದೇನೆ. ನನಗೆ ಅರವತ್ತಮೂರು ವರ್ಷ. ಏರು ಹತ್ತಿದರೆ ಉಸಿರು ಕಟ್ಟುತ್ತದೆ. ಹೋಗಿ ಕುಳಿತು, ಮಂಜಪ್ಪನ ಗುರಿ ತಪ್ಪಿರಲಿಲ್ಲ, ತೋಟಾ ನಾನು ಕಡಿಮೆ ತುಂಬಿದ್ದೆ, ಎಂದು ಹೇಳುತ್ತೇನೆ. ಕೆಲವರಿಗೆ ಮಂಜಪ್ಪನೇ ಮರೆತುಹೋಗಿದ್ದಾನೆ. ಕೆಲವರು ಯಾವುದೋ ಕಾಲದ್ದು, ಬಿಡಿ ಅನ್ನುತ್ತಾರೆ. ಯಾಕೆ ಹಾಗೆ ಮಾಡಿದಿರಿ ಎಂದು ಕೇಳುವವರಿಗೆ, ಭಯವಿತ್ತು, ಆದರೆ ಹೇಳದೆ ಉಳಿದದ್ದು ಭಯದಿಂದಲ್ಲ ಎನ್ನುತ್ತೇನೆ. ಮಗಳು ಫೋನು ಮಾಡುವುದು ಕಡಿಮೆಯಾಗಿದೆ.

ಹದಿನಾಲ್ಕು ಮನೆ ಆಯಿತು. ಅವತ್ತು ಜೋಳ ಮುರಿಯುತ್ತಿದ್ದ ಹೆಂಗಸರಲ್ಲಿ ಇಬ್ಬರು ಮಾಸ್ತಿಕಟ್ಟೆಯ ಕಡೆ ಮಕ್ಕಳ ಜೊತೆ ಇದ್ದಾರಂತೆ. ನಾಳೆ ಬೆಳಗಿನ ಬಸ್ಸಿಗೆ ಅಲ್ಲಿಗೆ ಹೊರಡಬೇಕು.